ಮೌನದ ಹಿಂದಿನ ದುಡಿಮೆ: ಕಾರ್ಲೋಸ್ ಕ್ಲೈಬರ್ ಅವರ ವಾದ್ಯವೃಂದ ನಿರ್ದೇಶನದ ವಿವೇಚನೆ

ಪೀಠಿಕೆ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ವಾದ್ಯವೃಂದದ ನಿರ್ದೇಶಕನ ಸ್ಥಾನ ವಿಚಿತ್ರವಾದುದು. ವೇದಿಕೆಯ ಮೇಲಿರುವ ನೂರು ಜನರ ನಡುವೆ ಸ್ವತಃ ಯಾವ ನಾದವನ್ನೂ ಹೊರಡಿಸದವನು ಅವನೊಬ್ಬನೇ. ಆದರೂ ಅಲ್ಲಿ ಹೊಮ್ಮುವ ಸಂಗೀತದ ಗತಿ, ಕಾಂತಿ, ಭಾವಗಳಿಗೆಲ್ಲ ಅವನೇ ಹೊಣೆಗಾರ. ನಮ್ಮ ಪರಂಪರೆಯಲ್ಲಿ ಇದಕ್ಕೆ ನೇರವಾದ ಸಂವಾದಿಯಿಲ್ಲ. ಯಕ್ಷಗಾನದ ಭಾಗವತನು ಪ್ರಸಂಗದ ಸೂತ್ರಧಾರನೇ ಹೌದಾದರೂ ಅವನು ಹಾಡುತ್ತಾನೆ, ತಾಳ ಹಿಡಿಯುತ್ತಾನೆ. ಭರತನಾಟ್ಯದ ನಟ್ಟುವನಾರರ ಕೈಯಲ್ಲೂ ತಾಳವಿದೆ, ಬಾಯಲ್ಲಿ ಜತಿಯಿದೆ. ಪಾಶ್ಚಾತ್ಯ ನಿರ್ದೇಶಕನ ಕೈಯಲ್ಲಿರುವುದು ಸದ್ದಿಲ್ಲದ ಒಂದು ಸಣ್ಣ ಕೋಲು ಮಾತ್ರ.

ಇಂತಹ ನಿರ್ದೇಶಕರ ಪೈಕಿ ಕಾರ್ಲೋಸ್ ಕ್ಲೈಬರ್ (1930–2004) ಅವರದು ಅತ್ಯಂತ ಎತ್ತರದ ಹೆಸರು. ಅಷ್ಟೇ ಅತ್ಯಲ್ಪ ಪ್ರಮಾಣದ ಸಾಧನೆಯ ಹೆಸರು ಕೂಡ. ಅವರು ಸ್ಟುಡಿಯೊದಲ್ಲಿ ಧ್ವನಿಮುದ್ರಿಸಿ ಬಿಡುಗಡೆಯಾದದ್ದು ನಾಲ್ಕು ಒಪೇರಾಗಳು, ಐದು ಸಿಂಫನಿಗಳು ಮತ್ತು ಒಂದು ಪಿಯಾನೊ ಕಾನ್ಸರ್ಟೊ. ಅವರು ಯಾವ ವಾದ್ಯವೃಂದಕ್ಕೂ ಮುಖ್ಯ ನಿರ್ದೇಶಕರಾಗಲಿಲ್ಲ. 1960ರ ಒಂದು ರೇಡಿಯೊ ಸಂದರ್ಶನವನ್ನು ಬಿಟ್ಟರೆ ಸಂದರ್ಶನಗಳಿಗೆ ಒಪ್ಪಲಿಲ್ಲ. ಒಪ್ಪಿಕೊಂಡ ಕಾರ್ಯಕ್ರಮಗಳಿಂದ ಹಿಂದೆ ಸರಿದದ್ದೂ, ತಾಲೀಮಿನ ನಡುವೆ ಎದ್ದು ಹೋದದ್ದೂ ಉಂಟು. ಇಷ್ಟಾದರೂ 2011ರಲ್ಲಿ ಬಿಬಿಸಿ ಮ್ಯೂಸಿಕ್ ಮ್ಯಾಗಜೀನ್ ನೂರು ಮಂದಿ ನಿರ್ದೇಶಕರನ್ನೇ ಕೇಳಿ ನಡೆಸಿದ ಮತಗಣನೆಯಲ್ಲಿ ಸಾರ್ವಕಾಲಿಕ ಶ್ರೇಷ್ಠ ನಿರ್ದೇಶಕರಾಗಿ ಮೊದಲ ಸ್ಥಾನ ದೊರೆತದ್ದು ಅವರಿಗೆ.

ಈ ವಿರೋಧಾಭಾಸವನ್ನು ವಿವರಿಸಲು ಸಾಮಾನ್ಯವಾಗಿ ಬಳಕೆಯಾಗುವ ಚೌಕಟ್ಟು ‘ಏಕಾಂತವಾಸಿ ಪ್ರತಿಭೆ’ ಎಂಬುದು. ಪ್ರತಿಭೆ ದೈವದತ್ತ, ಏಕಾಂತ ಅದರ ಬೆಲೆ ಎಂಬ ಗ್ರಹಿಕೆ ಅದರ ಹಿಂದಿದೆ. ಈ ಚೌಕಟ್ಟು ಕ್ಲೈಬರ್ ಅವರ ಸಾಧನೆಯ ಮೂಲವನ್ನೇ ಮರೆಮಾಡುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ. ಅವರ ಪ್ರೌಢ ವರ್ಷಗಳ ವಿರಳತೆ ಸಾಧ್ಯವಾದದ್ದು ಅದಕ್ಕೆ ಮುಂಚಿನ ಸುಮಾರು ಎರಡು ದಶಕಗಳ ನಿತ್ಯದ ರಂಗಮಂದಿರ ದುಡಿಮೆಯಿಂದ. ಆ ದುಡಿಮೆಯನ್ನು ಬಿಟ್ಟು ಮೌನವನ್ನಷ್ಟೇ ಪರಂಪರೆಯಾಗಿ ಸ್ವೀಕರಿಸಿದರೆ ಉಳಿಯುವುದು ದಂತಕಥೆ ಮಾತ್ರ.

ತಂದೆಯ ನೆರಳು ಮತ್ತು ತಂದೆಯ ಲಿಪಿ

ಕ್ಲೈಬರ್ ಜನಿಸಿದ್ದು 1930ರ ಜುಲೈ 3ರಂದು, ಬರ್ಲಿನ್ನಿನಲ್ಲಿ. ತಂದೆ ಎರಿಖ್ ಕ್ಲೈಬರ್ (1890–1956) ವಿಯೆನ್ನಾ ಮೂಲದವರು; 1923ರಿಂದ ಬರ್ಲಿನ್ ಸ್ಟೇಟ್ ಒಪೇರಾದ ಸಂಗೀತ ಮುಖ್ಯಸ್ಥರು. ತಾಯಿ ರೂತ್ ಗುಡ್‌ರಿಚ್ ಅಮೆರಿಕದವರು. ಆಲ್ಬನ್ ಬರ್ಗ್ ಅವರ ‘ವೋಟ್ಸೆಕ್’ ಒಪೇರಾದ ಪ್ರಥಮ ಪ್ರಯೋಗವನ್ನು 1925ರ ಡಿಸೆಂಬರ್ 14ರಂದು ನಿರ್ದೇಶಿಸಿದವರು ಎರಿಖ್. 1934ರ ಕೊನೆಯಲ್ಲಿ, ಬರ್ಗ್ ಸಂಗೀತವನ್ನು ನಾಜಿ ಆಡಳಿತ ಹತ್ತಿಕ್ಕುತ್ತಿದ್ದಾಗ, ಅವರದೇ ‘ಲುಲು’ವಿನ ಸಂಗೀತದ ಭಾಗಗಳನ್ನು ಪ್ರದರ್ಶಿಸಿ, ಕೆಲವೇ ದಿನಗಳಲ್ಲಿ ಅವರು ಹುದ್ದೆಗೆ ರಾಜೀನಾಮೆಯಿತ್ತರು. ಅನಂತರ ಕುಟುಂಬ ಜರ್ಮನಿಯನ್ನು ತೊರೆದು ಕೊನೆಗೆ ಅರ್ಜೆಂಟೀನದಲ್ಲಿ ನೆಲೆಸಿತು. ಕಾರ್ಲ್ ಎಂಬ ಬಾಲಕ ಕಾರ್ಲೋಸ್ ಆದದ್ದು ಅಲ್ಲಿ.

ಮಗನು ಸಂಗೀತಗಾರನಾಗುವುದು ತಂದೆಗೆ ಇಷ್ಟವಿರಲಿಲ್ಲ. ಕಾರ್ಲೋಸ್ ಕೆಲಕಾಲ ಜ್ಯೂರಿಚ್‌ನಲ್ಲಿ ರಸಾಯನಶಾಸ್ತ್ರದ ವಿದ್ಯಾರ್ಥಿಯಾದದ್ದು ಈ ಹಿನ್ನೆಲೆಯಲ್ಲಿ. ಸಂಗೀತದತ್ತ ಮರಳಿದ ಮೇಲೆ 1950ರ ದಶಕದ ಮಧ್ಯದಲ್ಲಿ ಪಾಟ್ಸ್‌ಡಾಮ್‌ನಲ್ಲಿ ಮಿಲ್ಯೋಕರ್ ಅವರ ‘ಗಾಸ್ಪರೋನೆ’ ಎಂಬ ಲಘು ಒಪೇರಾವನ್ನು ನಿರ್ದೇಶಿಸುವಾಗ ಅವರು ಬಳಸಿದ್ದು ಕಾರ್ಲ್ ಕೆಲ್ಲರ್ ಎಂಬ ಕಾವ್ಯನಾಮದಂತಹ ಮರೆಹೆಸರನ್ನು. ತಂದೆಯ ಹೆಸರಿನ ಭಾರ ಎಷ್ಟಿತ್ತೆಂಬುದಕ್ಕೆ ಇದು ಸಾಕ್ಷಿ. 1956ರ ಜನವರಿ 27ರಂದು, ಮೊಟ್ಸಾರ್ಟ್ ಜನಿಸಿ ಇನ್ನೂರು ವರ್ಷ ತುಂಬಿದ ದಿನ, ಎರಿಖ್ ಜ್ಯೂರಿಚ್‌ನಲ್ಲಿ ನಿಧನರಾದರು.

ಮಗನ ಹಿಂಜರಿಕೆಗಳಿಗೆಲ್ಲ ತಂದೆಯ ನೆರಳನ್ನೇ ಕಾರಣವಾಗಿ ಹೇಳುವ ಮನೋವೈಜ್ಞಾನಿಕ ವಿವರಣೆ ಬಹಳ ಜನಪ್ರಿಯವಾಗಿದೆ. ವಿಮರ್ಶೆಗೆ ಇದಕ್ಕಿಂತ ಗಟ್ಟಿಯಾದ ಆಧಾರ ಸಂಗೀತದಲ್ಲಿಯೇ ದೊರೆಯುತ್ತದೆ. ಕಾರ್ಲೋಸ್ ಅವರ ಕೃತಿಸಂಗ್ರಹವನ್ನು ತಂದೆಯದರೊಡನೆ ಹೋಲಿಸಿದರೆ ‘ವೋಟ್ಸೆಕ್’, ‘ಡೆರ್ ರೋಸೆನ್‌ಕವಲಿಯರ್’, ‘ಡೆರ್ ಫ್ರೈಶುಟ್ಸ್’, ಬೀಥೋವನ್‌ನ ಐದು, ಆರು, ಏಳನೆಯ ಸಿಂಫನಿಗಳು, ಬೊರೋಡಿನ್‌ನ ಎರಡನೆಯ ಸಿಂಫನಿ ಹೀಗೆ ಹೆಜ್ಜೆಹೆಜ್ಜೆಗೂ ತಂದೆಯ ಕೃತಿಗಳೇ ಎದುರಾಗುತ್ತವೆ. ತಂದೆ ಟಿಪ್ಪಣಿ ಬರೆದಿಟ್ಟ ಸ್ವರಲಿಪಿಗಳನ್ನು ಮಗ ಆಳವಾಗಿ ಅಭ್ಯಸಿಸಿದರು. ಇದನ್ನು ಭಯವೆಂದು ಕರೆಯುವುದಕ್ಕಿಂತ ಪಾಠಾಂತರವೆಂದು ಕರೆಯುವುದು ಹೆಚ್ಚು ಸೂಕ್ತ.

ಒಂದು ನಿದರ್ಶನ ಇದನ್ನು ಸ್ಪಷ್ಟಪಡಿಸುತ್ತದೆ. ಬೀಥೋವನ್‌ನ ಏಳನೆಯ ಸಿಂಫನಿಯ ಎರಡನೆಯ ಭಾಗದ ಕೊನೆಯಲ್ಲಿ ಪಿಟೀಲುಗಳು ತಂತಿಯನ್ನು ಬೆರಳಿನಿಂದ ಮೀಟುತ್ತ ಬಂದು, ಅಂತಿಮ ಸ್ವರಗಳಿಗೆ ಮತ್ತೆ ಕಮಾನು ಹಿಡಿಯಬೇಕೆಂದು ರೂಢಿಯ ಮುದ್ರಿತ ಲಿಪಿ ಸೂಚಿಸುತ್ತದೆ. ಎರಿಖ್ ಕ್ಲೈಬರ್ ಈ ಸೂಚನೆಯನ್ನು ಬಿಟ್ಟು ಕೊನೆಯವರೆಗೂ ಮೀಟನ್ನೇ ಉಳಿಸಿದರು. ಆಟೊ ಕ್ಲೆಂಪರರ್ ಕೂಡ ಹಾಗೆಯೇ ಮಾಡಿದರು. ಕಾರ್ಲೋಸ್ ಅದೇ ದಾರಿ ಹಿಡಿದರು. ಕಮಾನಿನ ದೀರ್ಘನಾದದಿಂದ ಮುಗಿಯಬೇಕಾದ ಶೋಕಗತಿ ಇಲ್ಲಿ ಒಣಗಿದ ಎಲೆ ಬಿದ್ದಂತೆ ಚುಟುಕಾಗಿ ಮುಗಿಯುತ್ತದೆ. ಸಂಪಾದನಶಾಸ್ತ್ರದ ದೃಷ್ಟಿಯಿಂದ ಈ ಆಯ್ಕೆ ಚರ್ಚಾಸ್ಪದ. ಆದರೆ ಮಗನು ತಂದೆಯ ಪಾಠವನ್ನು ಎಷ್ಟು ಸೂಕ್ಷ್ಮ ಮಟ್ಟದಲ್ಲಿ ಸ್ವೀಕರಿಸಿದ್ದರೆಂಬುದಕ್ಕೆ ಇದು ಸಾಕ್ಷಿ.

ರಂಗಮಂದಿರದ ವರ್ಷಗಳು

ಕ್ಲೈಬರ್ ಕುರಿತ ಬರಹಗಳು ಅವರ ನಿರಾಕರಣೆಗಳಿಗೆ ಮೀಸಲಿಡುವಷ್ಟು ಪುಟಗಳನ್ನು ಅವರ ಸೇವಾವಧಿಗೆ ಮೀಸಲಿಡುವುದಿಲ್ಲ. ಮ್ಯೂನಿಕ್‌ನ ಗ್ಯಾರ್ಟ್ನರ್‌ಪ್ಲಾಟ್ಸ್ ರಂಗಮಂದಿರದಲ್ಲಿ ಗಾಯಕರಿಗೆ ಪಿಯಾನೊ ನುಡಿಸಿ ಪಾಠ ಮಾಡಿಸುವ ಸಹಾಯಕನಾಗಿ ಅವರು ಕೆಲಸ ಆರಂಭಿಸಿದರು. ಅನಂತರ 1950ರ ದಶಕದ ಉತ್ತರಾರ್ಧದಿಂದ 1964ರವರೆಗೆ ಡ್ಯೂಸೆಲ್ಡಾರ್ಫ್, 1964ರಿಂದ 1966ರವರೆಗೆ ಜ್ಯೂರಿಚ್, 1966ರಿಂದ 1970ರ ದಶಕದ ಆರಂಭದವರೆಗೆ ಸ್ಟುಟ್‌ಗಾರ್ಟ್, 1968ರಿಂದ ಮ್ಯೂನಿಕ್‌ನ ಬವೇರಿಯನ್ ಸ್ಟೇಟ್ ಒಪೇರಾ ಹೀಗೆ ಅವರ ವೃತ್ತಿಜೀವನ ಸಾಗಿತು.

ಜರ್ಮನ್ ಭಾಷಿಕ ಪ್ರದೇಶದ ಒಪೇರಾ ಮಂದಿರಗಳ ಕಾರ್ಯವಿಧಾನವನ್ನು ಇಲ್ಲಿ ಗಮನಿಸಬೇಕು. ಅಲ್ಲಿ ವರ್ಷದ ಬಹುಪಾಲು ದಿನ ಒಂದಲ್ಲ ಒಂದು ಪ್ರಯೋಗವಿರುತ್ತದೆ. ಇಂದು ದುರಂತ ಒಪೇರಾ, ನಾಳೆ ಲಘು ಒಪೇರಾ, ನಾಡಿದ್ದು ಬ್ಯಾಲೆ. ಕಿರಿಯ ನಿರ್ದೇಶಕನಿಗೆ ಆಯ್ಕೆಯಿಲ್ಲ. ಕೆಲವೊಮ್ಮೆ ತಾಲೀಮೂ ಇಲ್ಲ. ಗಾಯಕ ಉಸಿರು ತಪ್ಪಿದರೆ, ನರ್ತಕಿ ಅರ್ಧ ಮಾತ್ರೆ ಮುಂದೆ ಹೋದರೆ, ಗುಂಡಿಯಲ್ಲಿ ಕುಳಿತ ವಾದ್ಯವೃಂದವನ್ನು ಆ ಕ್ಷಣದಲ್ಲಿ ಹಿಡಿದು ನಿಲ್ಲಿಸುವವನು ಅವನೇ. ಗತಿಯನ್ನು ಹಿಗ್ಗಿಸುವ ಮತ್ತು ಕುಗ್ಗಿಸುವ ಕಲೆ ಕರಗತವಾಗುವುದು ಈ ಗಾಣದಲ್ಲಿ.

ಕ್ಲೈಬರ್ ಅವರ ನಿರ್ದೇಶನದ ಪ್ರಧಾನ ಲಕ್ಷಣವೆಂದು ಎಲ್ಲ ವಿಮರ್ಶಕರೂ ಗುರುತಿಸುವ ‘ಉಸಿರಾಡುವ ಲಯ’ದ ಮೂಲ ಇಲ್ಲಿದೆ. ವಿಯೆನ್ನಾದ ಹೊಸವರ್ಷದ ಸಂಗೀತ ಕಾರ್ಯಕ್ರಮಗಳನ್ನು ಅವರು 1989 ಮತ್ತು 1992ರಲ್ಲಿ ನಿರ್ದೇಶಿಸಿದರು. ಅಲ್ಲಿ ಯೋಹಾನ್ ಸ್ಟ್ರಾಸ್ ಅವರ ವಾಲ್ಟ್ಸ್‌ಗಳ ಎರಡನೆಯ ಪೆಟ್ಟು ತುಸು ಮುಂದೆ ಸರಿದು, ಮೂರನೆಯದು ತುಸು ತಡೆದು ಬರುವ ಬೆಡಗನ್ನು ಅವರು ತೋರಿದ ಸಲೀಸು, ಲಘು ಒಪೇರಾಗಳ ಗುಂಡಿಯಲ್ಲಿ ವರ್ಷಗಟ್ಟಲೆ ದುಡಿದವನಿಗೆ ಮಾತ್ರ ದೊರೆಯುವಂಥದು. ಗಾಂಭೀರ್ಯ ಮತ್ತು ವಿನೋದಗಳ ನಡುವೆ ಅವರು ಶ್ರೇಣಿಭೇದ ಮಾಡಲಿಲ್ಲ. ‘ಡೀ ಫ್ಲೇಡರ್‌ಮೌಸ್’ ಮತ್ತು ‘ಟ್ರಿಸ್ಟಾನ್ ಉಂಡ್ ಇಸೋಲ್ಡೆ’ ಎರಡಕ್ಕೂ ಅವರಲ್ಲಿ ಒಂದೇ ಬಗೆಯ ಸಿದ್ಧತೆಯಿತ್ತು.

ಲಿಪಿಯಿಂದ ನಾದಕ್ಕೆ

ವಿಯೆನ್ನಾ ಫಿಲ್ಹಾರ್ಮೊನಿಕ್‌ನೊಡನೆ 1974ರಲ್ಲಿ ಧ್ವನಿಮುದ್ರಿಸಿದ ಬೀಥೋವನ್‌ನ ಐದನೆಯ ಸಿಂಫನಿ ಕ್ಲೈಬರ್ ಅವರ ಕೀರ್ತಿಗೆ ಅಡಿಪಾಯ ಹಾಕಿದ ಮುದ್ರಿಕೆ. ಎಲ್ಲರೂ ಬಲ್ಲ ನಾಲ್ಕು ಸ್ವರಗಳ ಆರಂಭವನ್ನು ವಿಧಿಯ ಘೋಷಣೆಯೆಂಬಂತೆ ಎಳೆದು ನುಡಿಸುವ ರೂಢಿಯನ್ನು ಅವರು ಕೈಬಿಟ್ಟರು. ಮೊದಲ ಸ್ವರಗಳಿಂದಲೇ ಭಾಗದ ಮುಖ್ಯ ವೇಗ ಸ್ಥಾಪಿತವಾಗುತ್ತದೆ. ಕೇಳುಗ ಒಂದು ಸ್ಮಾರಕದ ಎದುರು ನಿಲ್ಲುವ ಬದಲು ಹರಿಯುವ ಪ್ರವಾಹಕ್ಕೆ ಬೀಳುತ್ತಾನೆ. ಮೊದಲ ಭಾಗದಲ್ಲಿಯೂ ಅಂತಿಮ ಭಾಗದಲ್ಲಿಯೂ ಬೀಥೋವನ್ ಸೂಚಿಸಿದ ಪುನರಾವೃತ್ತಿಗಳನ್ನು ಅವರು ಪಾಲಿಸುತ್ತಾರೆ. ಅಂತಿಮ ಭಾಗದ ಪುನರಾವೃತ್ತಿಯನ್ನು ಆ ಕಾಲದ ಹಲವು ನಿರ್ದೇಶಕರು ಬಿಡುತ್ತಿದ್ದರು. ಅದನ್ನು ಉಳಿಸಿಕೊಂಡದ್ದರಿಂದ ಕೃತಿಯ ತೂಕ ಆರಂಭದಿಂದ ಅಂತ್ಯದ ಕಡೆಗೆ ವಾಲುತ್ತದೆ. ವಿಜಯದ ಭಾಗವು ಮೊದಲ ಭಾಗದ ಉಪಸಂಹಾರವಾಗದೆ ಕೃತಿಯ ಗುರಿಯೇ ಆಗುತ್ತದೆ.

ವಾದ್ಯಗಳ ಆಸನ ವ್ಯವಸ್ಥೆಯೂ ಇಷ್ಟೇ ಮುಖ್ಯ. ಮೊದಲ ಮತ್ತು ಎರಡನೆಯ ಪಿಟೀಲುಗಳನ್ನು ಒಂದೇ ಕಡೆ ಕೂರಿಸುವ ಪದ್ಧತಿ ಇಪ್ಪತ್ತನೆಯ ಶತಮಾನದಲ್ಲಿ ವ್ಯಾಪಕವಾಗಿತ್ತು. ಕ್ಲೈಬರ್ ಹಳೆಯ ಕ್ರಮದಂತೆ ಅವನ್ನು ನಿರ್ದೇಶಕನ ಎಡಬಲಗಳಲ್ಲಿ ಎದುರುಬದುರಾಗಿ ಕೂರಿಸಿದರು. ಏಳನೆಯ ಸಿಂಫನಿಯ ಅಂತಿಮ ಭಾಗದಲ್ಲಿ ಎರಡು ಪಿಟೀಲು ಗುಂಪುಗಳು ಒಂದರ ಮಾತನ್ನು ಇನ್ನೊಂದು ಕಸಿದುಕೊಳ್ಳುವಂತೆ ಸವಾಲು–ಜವಾಬು ನಡೆಸುತ್ತವೆ. ಆಮ್‌ಸ್ಟರ್‌ಡಾಮ್‌ನ ಕಾನ್ಸರ್ಟ್‌ಗೆಬೌ ವಾದ್ಯವೃಂದದೊಡನೆ 1983ರಲ್ಲಿ ಚಿತ್ರೀಕರಿಸಿದ ಪ್ರಯೋಗದಲ್ಲಿ ಈ ಸಂವಾದ ಕಿವಿಗೂ ಕಣ್ಣಿಗೂ ನಿಚ್ಚಳವಾಗುತ್ತದೆ. ಕ್ಲೈಬರ್ ಅವರ ಮಿಂಚನ್ನು ಹೊಗಳುವವರು ಅದರ ಎಷ್ಟೋ ಪಾಲು ಇಂತಹ ಪ್ರಾಯೋಗಿಕ ನಿರ್ಧಾರಗಳ ಫಲವೆಂಬುದನ್ನು ಮರೆಯುತ್ತಾರೆ.

ಅವರ ಎಲ್ಲ ಮುದ್ರಿಕೆಗಳೂ ದೋಷರಹಿತವಲ್ಲ. 1975ರ ‘ಡೀ ಫ್ಲೇಡರ್‌ಮೌಸ್’ನಲ್ಲಿ ಓರ್ಲೋಫ್‌ಸ್ಕಿಯ ಪಾತ್ರಕ್ಕೆ ಇವಾನ್ ರೆಬ್ರೋಫ್ ಅವರ ಕೃತಕ ಎತ್ತರದ ಕಂಠವನ್ನು ಆರಿಸಿದ್ದು ವಿನೋದವನ್ನು ವಿಕಾರಕ್ಕೆ ಇಳಿಸುತ್ತದೆ. ಸ್ವಿಯಾತೊಸ್ಲಾವ್ ರಿಕ್ಟರ್ ಅವರೊಡನೆ 1976ರಲ್ಲಿ ಮುದ್ರಿಸಿದ ದ್ವೊರ್ಜಾಕ್‌ನ ಪಿಯಾನೊ ಕಾನ್ಸರ್ಟೊದಲ್ಲಿ ಇಬ್ಬರು ಮಹಾನ್ ಕಲಾವಿದರು ಎಚ್ಚರಿಕೆಯಿಂದ ಜೊತೆಗೆ ನಡೆಯುತ್ತಾರೆ; ಒಟ್ಟಿಗೆ ಹಾರುವುದು ಅಪರೂಪ. ಡ್ರೆಸ್ಡೆನ್ನಿನಲ್ಲಿ 1980ರಿಂದ 1982ರ ನಡುವೆ ಮುದ್ರಿತವಾದ ‘ಟ್ರಿಸ್ಟಾನ್’ ಪೂರ್ಣಗೊಳ್ಳುವ ಮೊದಲೇ ಕ್ಲೈಬರ್ ಹೊರನಡೆದರು. ಲಭ್ಯವಿದ್ದ ಮುದ್ರಣಗಳನ್ನು ಜೋಡಿಸಿ ಅದನ್ನು ಬಿಡುಗಡೆ ಮಾಡಲಾಯಿತು. ಆದರೂ ಮಾರ್ಗರೆಟ್ ಪ್ರೈಸ್ ಅವರ ಇಸೋಲ್ಡೆ ಅದರಲ್ಲಿ ಅಮೂಲ್ಯವಾದುದು. ವೇದಿಕೆಯ ಮೇಲೆ ಎಂದೂ ಆ ಪಾತ್ರವನ್ನು ಹಾಡದ ಅವರ ಲಘುವಾದ, ಸ್ಫಟಿಕದಂತಹ ಕಂಠಕ್ಕೆ ವಾದ್ಯವೃಂದ ಎಲ್ಲಿಯೂ ಭಾರವಾಗುವುದಿಲ್ಲ. ಕರ್ತೃವಿಗೇ ಒಪ್ಪಿಗೆಯಾಗದ ಈ ಮುದ್ರಿಕೆ ಇಂದು ಆ ಕೃತಿಯ ಪ್ರಮಾಣಗಳಲ್ಲೊಂದಾಗಿದೆ.

ತಾಲೀಮಿನ ಸ್ವರೂಪ

1970ರಲ್ಲಿ ಸ್ಟುಟ್‌ಗಾರ್ಟ್‌ನ ರೇಡಿಯೊ ವಾದ್ಯವೃಂದದೊಡನೆ ಕ್ಲೈಬರ್ ‘ಡೆರ್ ಫ್ರೈಶುಟ್ಸ್’ ಮತ್ತು ‘ಡೀ ಫ್ಲೇಡರ್‌ಮೌಸ್’ಗಳ ಪೂರ್ವರಂಗ ಸಂಗೀತವನ್ನು ತಾಲೀಮು ಮಾಡಿದ್ದು ಚಿತ್ರೀಕೃತವಾಗಿದೆ. ಸಂಶೋಧಕರಿಗೆ ಇದು ಅವರ ಬಗೆಗಿನ ಅತ್ಯಂತ ಮಹತ್ವದ ಪ್ರಾಥಮಿಕ ಆಕರ. ನಲವತ್ತರ ಹರೆಯದ ನಿರ್ದೇಶಕ ಒಂದೇ ಪದಗುಚ್ಛವನ್ನು ಮತ್ತೆ ಮತ್ತೆ ನುಡಿಸುತ್ತಾರೆ. ‘ಜೋರಾಗಿ’, ‘ಮೆಲ್ಲಗೆ’ ಎಂಬ ಸೂಚನೆಗಳಿಗಿಂತ ಉಪಮೆ, ಕಥೆ, ಪಾತ್ರಗಳ ಮನೋಭಾವ ಇವು ಅವರ ಮಾತಿನಲ್ಲಿ ಹೆಚ್ಚು. ಆರಂಭದಲ್ಲಿ ವಾದಕರ ಮುಖಗಳಲ್ಲಿ ಸಂಶಯ ಕಾಣುತ್ತದೆ. ಅದು ಕ್ರಮೇಣ ಕರಗುವುದನ್ನೂ ಕ್ಯಾಮೆರಾ ದಾಖಲಿಸಿದೆ. ತಾನೇ ಬಿಲ್ಲುಗಾರಿಕೆ ಗುರುತಿಸಿದ ವಾದ್ಯಲಿಪಿಗಳನ್ನು ತರುವುದು, ಪ್ರಯೋಗದ ನಂತರ ವಾದಕರ ಆಸನಗಳ ಮೇಲೆ ತಿದ್ದುಪಡಿಯ ಚೀಟಿಗಳನ್ನು ಇಡುವುದು ಅವರ ಅಭ್ಯಾಸವಾಗಿತ್ತು.

ಈ ಕ್ರಮದ ಶಕ್ತಿ ಮತ್ತು ಮಿತಿ ಎರಡೂ 1982ರ ಡಿಸೆಂಬರಿನ ವಿಯೆನ್ನಾ ಪ್ರಸಂಗದಲ್ಲಿ ವ್ಯಕ್ತವಾಗುತ್ತವೆ. ಬೀಥೋವನ್‌ನ ನಾಲ್ಕನೆಯ ಸಿಂಫನಿಯ ಎರಡನೆಯ ಭಾಗ ಆರಂಭವಾಗುವುದು ಎರಡನೆಯ ಪಿಟೀಲುಗಳ ಒಂದು ಪುಟ್ಟ ಲಯಾಕೃತಿಯಿಂದ. ಅದನ್ನು ‘ತೆರೇಸೆ’ ಎಂಬ ಹೆಸರನ್ನು ಉಚ್ಚರಿಸುವಂತೆ ನುಡಿಸಬೇಕೆಂದು ಕ್ಲೈಬರ್ ಕೇಳಿದರು. ವಾದಕರು ನುಡಿಸಿದ್ದು ಅವರ ಕಿವಿಗೆ ‘ಮರೀ’ ಎಂಬ ಹೆಸರಿನಂತೆ ಕೇಳಿತು. ಹಲವು ಪ್ರಯತ್ನಗಳ ನಂತರ ಅವರು ತಾಲೀಮನ್ನು ಬಿಟ್ಟು ಹೊರನಡೆದರು. ಕೆಲವು ವರ್ಷ ಆ ವಾದ್ಯವೃಂದದ ಮುಂದೆ ಬರಲಿಲ್ಲ. ಇದನ್ನು ವಿಲಕ್ಷಣತೆಯ ಕಥೆಯಾಗಿ ಹೇಳುವುದು ರೂಢಿ. ಆದರೆ ವಿವಾದದ ವಸ್ತು ಕ್ಷುಲ್ಲಕವಲ್ಲ. ಆ ಇಡೀ ಭಾಗದ ರಾಗವು ನಿಂತಿರುವುದು ಈ ಆಕೃತಿಯ ಮೇಲೆ. ಮೂರು ಅಕ್ಷರ ಎರಡಾದರೆ ತಳಪಾಯವೇ ವಾಲುತ್ತದೆ. ಇನ್ನೊಂದೆಡೆ, ತಾಲೀಮೆಂಬುದು ಇಬ್ಬರ ಒಪ್ಪಂದ. ತನ್ನ ಕಿವಿಯೊಳಗಿನ ಪರಿಪೂರ್ಣ ನಾದಕ್ಕೂ ಎದುರಿನ ಮನುಷ್ಯರು ನುಡಿಸುವ ನಾದಕ್ಕೂ ನಡುವಿನ ಅಂತರವನ್ನು ಸಹಿಸುವುದು ನಿರ್ದೇಶಕನ ವೃತ್ತಿಧರ್ಮದ ಭಾಗವೇ. ವರ್ಷಗಳು ಕಳೆದಂತೆ ಕ್ಲೈಬರ್ ಅವರಲ್ಲಿ ಈ ಸಹನೆ ಕುಗ್ಗಿತು.

ನಿರಾಕರಣೆಯ ವರ್ಷಗಳು

1970ರ ದಶಕದ ಮಧ್ಯದಿಂದ ಕ್ಲೈಬರ್ ಅತಿಥಿ ನಿರ್ದೇಶಕರಾಗಿಯೇ ಉಳಿದರು. 1974ರಿಂದ 1976ರವರೆಗೆ ಬೈರಾಯ್ಟ್‌ನಲ್ಲಿ ‘ಟ್ರಿಸ್ಟಾನ್’, 1976ರಲ್ಲಿ ಮಿಲಾನ್‌ನ ಲಾ ಸ್ಕಾಲಾದಲ್ಲಿ ‘ಒಟೆಲ್ಲೊ’, 1988ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೇರಾದಲ್ಲಿ ‘ಲಾ ಬೋಹೆಮ್’ ಇವು ಮೈಲಿಗಲ್ಲುಗಳು. 1994ರಲ್ಲಿ ವಿಯೆನ್ನಾ ಮತ್ತು ಟೋಕಿಯೊಗಳಲ್ಲಿ ನಡೆದ ‘ರೋಸೆನ್‌ಕವಲಿಯರ್’ ಅವರ ಕೊನೆಯ ಒಪೇರಾ. 1999ರ ಆರಂಭದಲ್ಲಿ ಕೆನರಿ ದ್ವೀಪಗಳು ಮತ್ತು ಸಾರ್ಡೀನಿಯಾದ ಕಾಲ್ಯಾರಿಯಲ್ಲಿ ಬವೇರಿಯನ್ ರೇಡಿಯೊ ವಾದ್ಯವೃಂದದೊಡನೆ ನಡೆದದ್ದು ಕೊನೆಯ ಕಾರ್ಯಕ್ರಮಗಳು. ಕಾರಯಾನ್ ಅವರ ನಂತರ ಬರ್ಲಿನ್ ಫಿಲ್ಹಾರ್ಮೊನಿಕ್‌ನ ನೇತೃತ್ವಕ್ಕೆ ಅವರ ಹೆಸರು ಕೇಳಿಬಂದಿತ್ತು. 1989ರಲ್ಲಿ ಆಯ್ಕೆಯಾದವರು ಕ್ಲಾಡಿಯೊ ಅಬ್ಬಾಡೊ.

ಮನೆಯ ಶೀತಪೆಟ್ಟಿಗೆ ಖಾಲಿಯಾದಾಗ ಮಾತ್ರ ಕ್ಲೈಬರ್ ನಿರ್ದೇಶಿಸುತ್ತಾರೆಂದು ಕಾರಯಾನ್ ಹಾಸ್ಯ ಮಾಡಿದ್ದರೆಂಬ ಮಾತು ಪ್ರಚಲಿತವಾಗಿದೆ. ಈ ಬಗೆಯ ಹಾಸ್ಯ ದಂತಕಥೆಯನ್ನು ಪೋಷಿಸಿತು. ಮಾರುಕಟ್ಟೆಯೂ ಅದನ್ನು ಪೋಷಿಸಿತೆಂಬುದನ್ನು ಹೇಳಲೇಬೇಕು. ವಿರಳವಾದ ವಸ್ತುವಿಗೆ ಬೆಲೆ ಹೆಚ್ಚು. ಕ್ಲೈಬರ್ ಅವರ ಹಿಂಜರಿಕೆ ಅವರ ಸಂಭಾವನೆಯನ್ನೂ ಮುದ್ರಿಕೆಗಳ ಆಕರ್ಷಣೆಯನ್ನೂ ಏರಿಸಿತು.

ಆದರೆ ಅವರು ಲೋಕವಿಮುಖರಾಗಿರಲಿಲ್ಲ. 1989ರಲ್ಲಿ ಸೆರ್ಜಿಯು ಚೆಲಿಬಿಡಾಕೆ ‘ಡೆರ್ ಸ್ಪೀಗೆಲ್’ ಪತ್ರಿಕೆಯಲ್ಲಿ ಇತರ ನಿರ್ದೇಶಕರನ್ನು ಹೀನಾಯವಾಗಿ ಕಂಡಾಗ, ಸ್ವರ್ಗದಿಂದ ಟಾಸ್ಕನೀನಿ ಕಳಿಸಿದ ತಂತಿ ಎಂಬ ಸೋಗಿನಲ್ಲಿ ಕ್ಲೈಬರ್ ಬರೆದ ವಿಡಂಬನೆ ಅದೇ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಮೆರಿಕದ ಸಂಗೀತ ವಿದ್ಯಾರ್ಥಿಯಾಗಿದ್ದ ಚಾರ್ಲ್ಸ್ ಬಾರ್ಬರ್ ಅವರೊಡನೆ ಅವರು ವರ್ಷಗಟ್ಟಲೆ ಪತ್ರವ್ಯವಹಾರ ನಡೆಸಿದರು. ಬಾರ್ಬರ್ 2011ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಾಣುವ ಕ್ಲೈಬರ್ ಹಾಸ್ಯಪ್ರಿಯರು, ಎಮಿಲಿ ಡಿಕಿನ್ಸನ್‌ಳ ಕಾವ್ಯದ ಓದುಗರು, ಇತರ ನಿರ್ದೇಶಕರ ದೃಶ್ಯಮುದ್ರಿಕೆಗಳನ್ನು ಕುತೂಹಲದಿಂದ ನೋಡುವವರು. ಪ್ರಚಾರವನ್ನು ಬದುಕಿನುದ್ದಕ್ಕೂ ನಿರಾಕರಿಸಿದವರ ಖಾಸಗಿ ಪತ್ರಗಳನ್ನು ಮರಣಾನಂತರ ಪ್ರಕಟಿಸುವುದು ಉಚಿತವೇ ಎಂಬ ಪ್ರಶ್ನೆ ಸಹಜ. ಅವು ಇಲ್ಲದಿದ್ದಲ್ಲಿ ಮೌನವೆಂಬ ಒಂದೇ ಬಣ್ಣದ ಚಿತ್ರ ಮಾತ್ರ ಉಳಿಯುತ್ತಿತ್ತು ಎಂಬುದು ಅದಕ್ಕೆ ಭಾಗಶಃ ಉತ್ತರ.

ಪರಂಪರೆಯ ಪ್ರಶ್ನೆ

2003ರ ಡಿಸೆಂಬರಿನಲ್ಲಿ ಪತ್ನಿ, ಬ್ಯಾಲೆ ನರ್ತಕಿಯಾಗಿದ್ದ ಸ್ಟಾನಿಸ್ಲಾವಾ ಬ್ರೆಜೋವರ್, ತೀರಿಕೊಂಡರು. 2004ರ ಜುಲೈ 13ರಂದು ಕ್ಲೈಬರ್ ನಿಧನರಾದರು. ಸ್ಲೊವೇನಿಯಾದ ಕೊನ್ಯಿಶಿತ್ಸಾ ಎಂಬ ಸಣ್ಣ ಹಳ್ಳಿಯಲ್ಲಿ ಪತ್ನಿಯ ಸಮಾಧಿಯಲ್ಲಿಯೇ ಅವರನ್ನೂ ಮಣ್ಣು ಮಾಡಲಾಯಿತು. ಅನಂತರ 2008ರಲ್ಲಿ ಅಲೆಕ್ಸಾಂಡರ್ ವೆರ್ನರ್ ಅವರ ಜೀವನಚರಿತ್ರೆ ಹೊರಬಂದಿತು, ಸಾಕ್ಷ್ಯಚಿತ್ರಗಳೂ ಬಂದವು. ಆಕರಗಳು ಬೆಳೆದಂತೆ ಅವರ ಪರಂಪರೆಯ ಮೌಲ್ಯಮಾಪನವೂ ಸಾಧ್ಯವಾಗಿದೆ.

ಆ ಮೌಲ್ಯಮಾಪನದಲ್ಲಿ ಕೊರತೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಾಲರ್‌ನ ಕೃತಿಗಳಲ್ಲಿ ಅವರು ಮುಟ್ಟಿದ್ದು 1967ರಲ್ಲಿ ವಿಯೆನ್ನಾದಲ್ಲಿ ನಿರ್ದೇಶಿಸಿದ ‘ಭೂಮಿಯ ಗೀತೆ’ಯನ್ನು ಮಾತ್ರ, ಬ್ರುಕ್ನರ್‌ನ ಸಿಂಫನಿಗಳು ಅವರ ಕೃತಿಸಂಗ್ರಹದಲ್ಲಿಲ್ಲ. ಅದಕ್ಕಿಂತ ಗಂಭೀರವಾದುದು ಸಮಕಾಲೀನ ಸಂಗೀತದ ಬಗೆಗಿನ ಮೌನ. ತಂದೆ ಜೀವಂತ ರಚನಕಾರನೊಬ್ಬನ ಪರವಾಗಿ ನಿಂತು ಹುದ್ದೆ ತೊರೆದರು. ಮಗ 1966ರಲ್ಲಿ ಎಡಿನ್‌ಬರೊದಲ್ಲಿ ಅದೇ ಬರ್ಗ್‌ನ ‘ವೋಟ್ಸೆಕ್’ ನಿರ್ದೇಶಿಸುವ ಹೊತ್ತಿಗೆ ಅದು ಅಭಿಜಾತ ಕೃತಿಯಾಗಿತ್ತು. ತಂದೆಯ ಲಿಪಿಗಳನ್ನು ಪಡೆದ ಮಗ ತಂದೆಯ ಧೈರ್ಯದ ಈ ಮುಖವನ್ನು ಮುಂದುವರಿಸಲಿಲ್ಲ. ತನ್ನ ಪ್ರೌಢ ವರ್ಷಗಳಲ್ಲಿ ಹೊಸ ರಚನಕಾರರಿಗೆ ಅಂತಹ ಆಸರೆಯಾಗಲಿಲ್ಲ. ವಿಧಿವತ್ತಾದ ಶಿಷ್ಯಪರಂಪರೆಯನ್ನೂ ಬೆಳೆಸಲಿಲ್ಲ.

ಉಳಿದಿರುವ ಸಂಪತ್ತಿನ ಸ್ವರೂಪವೂ ವಿಚಾರಾರ್ಹ. ಅಧಿಕೃತ ಮುದ್ರಿಕೆಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಪ್ರಸಾರಗಳ ಪ್ರತಿಗಳು, ಕೇಳುಗರು ಸಂಗ್ರಹಿಸಿದ ಅನಧಿಕೃತ ಮುದ್ರಣಗಳು ಚಲಾವಣೆಯಲ್ಲಿವೆ. 1983ರಲ್ಲಿ ಮ್ಯೂನಿಕ್‌ನಲ್ಲಿ ನಡೆದ ಬೀಥೋವನ್‌ನ ಆರನೆಯ ಸಿಂಫನಿಯ ಪ್ರಯೋಗ ಬಹುಕಾಲದ ನಂತರ ಒಂದು ಖಾಸಗಿ ಕ್ಯಾಸೆಟ್ಟಿನ ಆಧಾರದ ಮೇಲೆ ಬಿಡುಗಡೆಯಾಯಿತು. ತನ್ನ ನಾದದ ಮೇಲೆ ಇಷ್ಟು ಕಟ್ಟುನಿಟ್ಟಿನ ನಿಯಂತ್ರಣ ಬಯಸಿದ ಕಲಾವಿದನ ದೊಡ್ಡ ಪಾಲು ಪರಂಪರೆ ಅವನ ನಿಯಂತ್ರಣದ ಹೊರಗೆಯೇ ಉಳಿದುಬಂದಿದೆ. ಇಂದಿನ ಕಿರಿಯ ನಿರ್ದೇಶಕರು ಅವರನ್ನು ಕಲಿಯುವುದು ಈ ದೃಶ್ಯಗಳಿಂದ. ಕಟಕಟೆಗೆ ಒರಗಿ, ತಾಳ ಹಾಕುವುದನ್ನು ನಿಲ್ಲಿಸಿ, ವಾದ್ಯವೃಂದವನ್ನು ತನ್ನಷ್ಟಕ್ಕೆ ಬಿಟ್ಟುಬಿಡುವ ಅವರ ಭಂಗಿ ಅನುಕರಣೆಗೆ ಸುಲಭ. ಆ ಸ್ವಾತಂತ್ರ್ಯಕ್ಕೆ ಆಧಾರವಾದ ತಾಲೀಮು ಆ ದೃಶ್ಯದಲ್ಲಿ ಕಾಣದು.

ಸಮಾರೋಪ

ಕಾರ್ಲೋಸ್ ಕ್ಲೈಬರ್ ಅವರ ಜೀವನದಿಂದ ಎರಡು ಬಗೆಯ ಪಾಠಗಳನ್ನು ಹೊರಡಿಸಬಹುದು. ಕಡಿಮೆ ಮಾಡಿದವನು ಶ್ರೇಷ್ಠ, ದೂರ ಉಳಿದವನು ಪರಿಶುದ್ಧ ಎಂಬುದು ಮೊದಲನೆಯದು. ಅವರ ವೃತ್ತಿಚರಿತ್ರೆ ಇದನ್ನು ಸಮರ್ಥಿಸುವುದಿಲ್ಲ. ಡ್ಯೂಸೆಲ್ಡಾರ್ಫ್‌ನಿಂದ ಮ್ಯೂನಿಕ್‌ವರೆಗಿನ ಸರ್ಕಾರಿ ಅನುದಾನದ ರಂಗಮಂದಿರಗಳು ಅಜ್ಞಾತ ಯುವಕನೊಬ್ಬನಿಗೆ ವರ್ಷಗಟ್ಟಲೆ ಕೆಲಸ, ತಪ್ಪು ಮಾಡುವ ಅವಕಾಶ, ಜೀವಂತ ವಾದ್ಯವೃಂದ ಇವುಗಳನ್ನು ಒದಗಿಸದಿದ್ದಲ್ಲಿ ಮುಂದೆ ನಿರಾಕರಿಸುವ ಅಧಿಕಾರವೂ ಅವರಿಗೆ ಬರುತ್ತಿರಲಿಲ್ಲ. ವಿರಳತೆಯ ಹಿಂದೆ ಸಮೃದ್ಧಿಯಿತ್ತು. ಏಕಾಂತದ ಹಿಂದೆ ಸಂಸ್ಥೆಗಳಿದ್ದವು.

ಎರಡನೆಯ ಪಾಠ ಹೆಚ್ಚು ಬಾಳಿಕೆಯುಳ್ಳದ್ದು. ಲಿಪಿಯಲ್ಲಿರುವ ಒಂದು ಸಣ್ಣ ಲಯಾಕೃತಿಯನ್ನೂ ಯಾರ ಕೀರ್ತಿಗೂ ಬಲಿಗೊಡಬಾರದು, ಲಘುವೆಂದು ಕರೆಯಲಾಗುವ ಸಂಗೀತಕ್ಕೂ ಘನವಾದ ಸಿದ್ಧತೆ ಸಲ್ಲಬೇಕು ಎಂಬುದು ಅದರ ಸಾರ. ಪ್ರತಿಭೆಯನ್ನು ಕಲಿಸಲಾಗದು, ಏಕಾಂತವನ್ನು ಅನುಕರಿಸಿ ಪ್ರಯೋಜನವಿಲ್ಲ. ಟಿಪ್ಪಣಿ ಬರೆದ ಲಿಪಿಗಳನ್ನೂ ಸ್ಟುಟ್‌ಗಾರ್ಟ್‌ನ ತಾಲೀಮಿನ ಚಿತ್ರವನ್ನೂ ಅಭ್ಯಸಿಸಬಹುದು. ಅವರನ್ನು ಕುರಿತ ಮುಂದಿನ ಸಂಶೋಧನೆ ಈ ಆಕರಗಳತ್ತ ತಿರುಗಿದಷ್ಟೂ ದಂತಕಥೆಯ ಹಿಂದಿನ ಸಂಗೀತಗಾರ ಹೆಚ್ಚು ಸ್ಪಷ್ಟವಾಗಿ ಗೋಚರಿಸುತ್ತಾರೆ.